ಸಮಾಸಪದ ಮತ್ತು ಕೇಳುಗ: ಅರ್ಥಗ್ರಹಣದ ಚರ್ಚೆಯ ಚಾರಿತ್ರಿಕ ಹಿನ್ನೆಲೆ

1

ಕರ್ನಾಟಕದ ಹೊರಗೆ ಕನ್ನಡವನ್ನು ಬೋಧಿಸುವವರಿಗೆ ಒಳನಾಡಿನ ತರಗತಿಗಳಲ್ಲಿ ಸಾಮಾನ್ಯವಾಗಿ ಏಳದ ಪ್ರಶ್ನೆಗಳು ಎದುರಾಗುವುದುಂಟು. ಮುಂಬಯಿಯಲ್ಲಿ ಹುಟ್ಟಿ ಬೆಳೆದು, ಮನೆಯಲ್ಲಿ ಮಾತ್ರ ಕನ್ನಡವಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಸ್ನಾತಕೋತ್ತರ ತರಗತಿಯ ಮೊದಲ ವಾರದಲ್ಲಿಯೇ ನಮ್ಮನ್ನು ಹೀಗೆ ಕೇಳಿದಳು: “ಸರ್, ‘ಹಳಗನ್ನಡ’ದಲ್ಲಿ ‘ಹಳ’ ಅಂದರೆ ಹಳೆಯದು ಅಂತ ತಿಳಿಯಿತು. ‘ಗನ್ನಡ’ ಅಂದರೆ ಏನು?” ತರಗತಿ ನಕ್ಕಿತು. ನಾವು ಆದೇಶಸಂಧಿಯ ನಿಯಮವನ್ನು ಹೇಳಿ ಪಾಠವನ್ನು ಮುಂದುವರಿಸಿದೆವು. ಅದು ಆಕೆಯ ಪ್ರಶ್ನೆಗೆ ಪೂರ್ಣವಾದ ಉತ್ತರವಲ್ಲವೆಂಬುದು ನಮಗೆ ಹೊಳೆದದ್ದು ಅನಂತರ. ನಕ್ಕವರು ಆ ಪದವನ್ನು ಬಿಡಿಸಿ ಅರ್ಥಮಾಡಿಕೊಂಡವರಲ್ಲ. ಇಡಿಯಾಗಿ ಕೇಳಿ ಬಲ್ಲವರು. ಆಕೆಯೊಬ್ಬಳೇ ಅದನ್ನು ಬಿಡಿಸಿ ಕೇಳಿದವಳು.

ಹಾಗಾದರೆ ಎರಡು ಅಥವಾ ಹೆಚ್ಚು ಪದಗಳು ಕೂಡಿ ಆದ ಪದವೊಂದು ಕಿವಿಗೆ ಬಿದ್ದಾಗ ಕೇಳುಗನಿಗೆ ಅರ್ಥವು ಹೇಗೆ ದೊರೆಯುತ್ತದೆ? ಅವಯವಗಳ ಅರ್ಥವನ್ನು ಒಂದೊಂದಾಗಿ ಗ್ರಹಿಸಿ ಕೂಡಿಸಿಕೊಳ್ಳುವುದರಿಂದಲೋ, ಇಡಿಯ ಪದದಿಂದ ಒಮ್ಮೆಗೇ ದೊರೆಯುವುದರಿಂದಲೋ? ಈ ಪ್ರಶ್ನೆಯನ್ನು ಇಂದು ಮನೋಭಾಷಾವಿಜ್ಞಾನದ್ದೆಂದು ತಿಳಿಯುವುದು ವಾಡಿಕೆ. ವಾಸ್ತವವಾಗಿ ಭಾರತೀಯ ವ್ಯಾಕರಣ, ಮೀಮಾಂಸೆ, ನ್ಯಾಯಶಾಸ್ತ್ರಗಳಲ್ಲಿ ಇದಕ್ಕೆ ಎರಡು ಸಾವಿರ ವರ್ಷಗಳಿಗೂ ಮೀರಿದ ಇತಿಹಾಸವಿದೆ. ಆ ಇತಿಹಾಸದ ಮುಖ್ಯ ಘಟ್ಟಗಳನ್ನು ಗುರುತಿಸಿ, ಕನ್ನಡದ ಸಮಾಸವಿಚಾರವನ್ನು ಕೇಳುಗನ ದೃಷ್ಟಿಯಿಂದ ಮರಳಿ ನೋಡುವುದು ಈ ಲೇಖನದ ಉದ್ದೇಶ. ನಮ್ಮ ವ್ಯಾಕರಣಗಳಲ್ಲಿ ಸಮಾಸವು ರಚನೆಯ ನಿಯಮವಾಗಿರುವಷ್ಟೇ ಶ್ರವಣದ ನಿಯಮವೂ ಆಗಿದೆಯೆಂಬುದು ನಾವಿಲ್ಲಿ ಪ್ರತಿಪಾದಿಸುವ ವಿಷಯ.

2

ಕೇಳುವಿಕೆಯಲ್ಲಿ ಸಮಾಸದ ಅರ್ಥ ಹೇಗೆ ತಲೆಕೆಳಗಾಗಬಲ್ಲದೆಂಬುದಕ್ಕೆ ಪ್ರಾಚೀನರು ಕೊಡುವ ಪ್ರಸಿದ್ಧ ನಿದರ್ಶನ ‘ಇಂದ್ರಶತ್ರು’ ಎಂಬ ಪದ. ಮಗನಾದ ವಿಶ್ವರೂಪನನ್ನು ಇಂದ್ರನು ಕೊಂದಾಗ ತ್ವಷ್ಟೃವು ಇಂದ್ರನನ್ನು ಸಂಹರಿಸುವವನೊಬ್ಬನು ಹುಟ್ಟಿ ಬೆಳೆಯಲೆಂದು ಹೋಮಮಾಡಿದನೆಂಬ ವೈದಿಕ ಕಥೆಯನ್ನು ಕ್ರಿ.ಪೂ. 2ನೆಯ ಶತಮಾನದ ಪತಂಜಲಿಯು ಮಹಾಭಾಷ್ಯದ ಆರಂಭದಲ್ಲಿಯೇ ಸ್ಮರಿಸುತ್ತಾನೆ. ಅಂತ್ಯಾಕ್ಷರವನ್ನು ಉದಾತ್ತವಾಗಿ ಉಚ್ಚರಿಸಿದ್ದರೆ ಪದವು ತತ್ಪುರುಷವಾಗಿ ‘ಇಂದ್ರನ ಸಂಹಾರಕ’ ಎಂದಾಗುತ್ತಿತ್ತು. ಪೂರ್ವಪದದ ಮೂಲಸ್ವರವೇ ಉಳಿದುದರಿಂದ ಅದು ಬಹುವ್ರೀಹಿಯಾಗಿ ‘ಇಂದ್ರನನ್ನೇ ಸಂಹಾರಕನನ್ನಾಗಿ ಉಳ್ಳವನು’ ಎಂಬ ಅರ್ಥವನ್ನು ಕೊಟ್ಟಿತು. ಹುಟ್ಟಿದ ವೃತ್ರನು ಇಂದ್ರನಿಂದಲೇ ಹತನಾದನು. ಪತಂಜಲಿಯು ಈ ಕಥೆಯನ್ನು ಶುದ್ಧೋಚ್ಚಾರಣೆಯ ಪ್ರಯೋಜನವನ್ನು ತೋರಿಸಲು ಬಳಸಿದ್ದಾನೆ. ನಮಗೆ ಇದರಲ್ಲಿ ಇನ್ನೂ ಒಂದು ಅಂಶ ಮುಖ್ಯವಾಗಿ ಕಾಣುತ್ತದೆ. ಅಕ್ಷರಗಳೂ ಅವಯವಗಳೂ ಅವೇ ಆಗಿದ್ದು, ಸ್ವರವೊಂದೇ ಅವುಗಳ ಸಂಬಂಧವನ್ನು ನಿರ್ಣಯಿಸಿತು. ಬರಹದಲ್ಲಿ ಕಾಣದ ಈ ಭೇದವು ಕಿವಿಗೆ ಮಾತ್ರ ಗೋಚರ.

ಪಾಣಿನಿಯ ‘ಸಮರ್ಥಃ ಪದವಿಧಿಃ’ ಎಂಬ ಸೂತ್ರದ (2.1.1) ಭಾಷ್ಯದಲ್ಲಿ ಪತಂಜಲಿಯು ಮೂಲಪ್ರಶ್ನೆಯನ್ನೇ ಎತ್ತಿಕೊಳ್ಳುತ್ತಾನೆ. ಸಮಾಸದಲ್ಲಿ ಪದಗಳ ನಡುವೆ ಇರುವುದು ವ್ಯಪೇಕ್ಷೆಯೆ, ಏಕಾರ್ಥೀಭಾವವೆ? ಪದಗಳು ತಮ್ಮ ತಮ್ಮ ಅರ್ಥವನ್ನು ಉಳಿಸಿಕೊಂಡು ಒಂದನ್ನೊಂದು ಅಪೇಕ್ಷಿಸುವುದು ವ್ಯಪೇಕ್ಷೆ. ಬೇರೆ ಬೇರೆ ಅರ್ಥಗಳು ಕರಗಿ ಒಂದೇ ಅರ್ಥವಾಗುವುದು ಏಕಾರ್ಥೀಭಾವ. ‘ರಾಜಪುರುಷನನ್ನು ಕರೆದು ತಾ’ ಎಂದರೆ ಕೇಳಿದವನು ರಾಜನನ್ನು ಕರೆತರುವುದಿಲ್ಲ, ಯಾವನೋ ಒಬ್ಬ ಪುರುಷನನ್ನೂ ಕರೆತರುವುದಿಲ್ಲ. ಹಾಗಾದರೆ ‘ರಾಜ’ ಎಂಬ ಪದವು ತನ್ನ ಅರ್ಥವನ್ನು ಬಿಟ್ಟುಕೊಟ್ಟಿತೆ? ಅರಸನ ಕೆಲಸಕ್ಕೆ ನಿಂತ ಬಡಗಿಯು ತನ್ನ ಸ್ವಂತ ಕೆಲಸವನ್ನು ಬಿಡುವಂತೆ ಎಂಬುದು ಒಂದು ಸಮಾಧಾನ. ಅರ್ಥವನ್ನು ಬಿಟ್ಟರೂ ಅದರ ಸಂಸರ್ಗ ಉಳಿಯುತ್ತದೆಂಬುದಕ್ಕೆ ಅಲ್ಲಿಯೇ ಹೂವಿನ ದೃಷ್ಟಾಂತವಿದೆ. ಮಲ್ಲಿಗೆಯ ದೊನ್ನೆಯಿಂದ ಹೂಗಳನ್ನು ತೆಗೆದ ಮೇಲೂ ಅದು ಮಲ್ಲಿಗೆಯ ದೊನ್ನೆಯೆಂದೇ ಗುರುತಾಗುವಂತೆ, ಪೂರ್ವಪದದ ಅರ್ಥದ ಕಂಪು ಸಮಾಸದಲ್ಲಿ ನಿಲ್ಲುತ್ತದೆ.

ಏಕಾರ್ಥೀಭಾವಕ್ಕೆ ಅಲ್ಲಿ ಸೂಚಿತವಾದ ಒರೆಗಲ್ಲುಗಳು ಕನ್ನಡಕ್ಕೂ ಸಲ್ಲುತ್ತವೆ. ‘ದೊಡ್ಡ ಅರಸನ ಮನೆ’ ಎಂದರೆ ದೊಡ್ಡತನವು ಅರಸನದಾಗಬಹುದು. ‘ದೊಡ್ಡ ಅರಮನೆ’ ಎಂದಾಗ ಅದು ಮನೆಗೆ ಮಾತ್ರ ಅನ್ವಯಿಸುತ್ತದೆ. ಒಳಗಿರುವ ಅರಸನನ್ನು ವಿಶೇಷಣವು ಮುಟ್ಟಲಾರದು. ಅರಸನು ಒಬ್ಬನೋ ಹಲವರೋ ಎಂಬುದನ್ನೂ ಆ ಪದ ಹೇಳುವುದಿಲ್ಲ, ಕೇಳುಗನು ಅದನ್ನು ವಿಚಾರಿಸುವುದೂ ಇಲ್ಲ. ಅರಸೊತ್ತಿಗೆಯು ಹೋದ ಮೇಲೂ ಮೈಸೂರಿನ ಅರಮನೆ ಅರಮನೆಯಾಗಿಯೇ ಉಳಿದಿದೆ. ಪತಂಜಲಿಯ ಮಲ್ಲಿಗೆಯ ದೊನ್ನೆಗೆ ಇದಕ್ಕಿಂತ ಉಚಿತವಾದ ಕನ್ನಡದ ಉದಾಹರಣೆ ದೊರೆಯುವುದು ಕಷ್ಟ.

ಕ್ರಿ.ಶ. 5ನೆಯ ಶತಮಾನದ ಭರ್ತೃಹರಿಯು ವಾಕ್ಯಪದೀಯದ ವೃತ್ತಿಸಮುದ್ದೇಶದಲ್ಲಿ ಈ ಚರ್ಚೆಯನ್ನು ವಿಸ್ತರಿಸುತ್ತಾನೆ. ಅವನ ದೃಷ್ಟಿಯಲ್ಲಿ ವಿಭಾಗವೆಂಬುದು ಕಲಿಯುವವರಿಗಾಗಿ ಕಲ್ಪಿಸಿದ ಉಪಾಯ. ಬಲ್ಲವನಿಗೆ ಅರ್ಥವು ಅಖಂಡವಾಗಿಯೇ ತೋರುತ್ತದೆ. ಕಲಿಯುವವನ ಶ್ರವಣ ಬೇರೆ, ಬಲ್ಲವನ ಶ್ರವಣ ಬೇರೆ ಎಂಬ ಈ ಭೇದವನ್ನು ನಾವು ಲೇಖನದ ಕೊನೆಯಲ್ಲಿ ಮತ್ತೆ ನೆನೆಯಬೇಕಾಗುತ್ತದೆ.

3

ಮೀಮಾಂಸಕರಿಗೆ ಇದು ಕೇವಲ ಶಬ್ದಚರ್ಚೆಯಾಗಿರಲಿಲ್ಲ. ವೇದವಾಕ್ಯವನ್ನು ಕೇಳಿದವನು ಅದರಂತೆ ನಡೆಯಬೇಕಾದುದರಿಂದ, ಸಮಾಸದ ಅರ್ಥನಿರ್ಣಯವು ಅಧಿಕಾರದ ನಿರ್ಣಯವೂ ಆಗುತ್ತಿತ್ತು. ಜೈಮಿನಿಯ ಸೂತ್ರಗಳ 6ನೆಯ ಅಧ್ಯಾಯದ ಮೊದಲ ಪಾದದಲ್ಲಿ ಇದಕ್ಕೆ ಎರಡು ಉತ್ತಮ ನಿದರ್ಶನಗಳಿವೆ.

ಮೊದಲನೆಯದು ‘ರಥಕಾರ’. ಮಳೆಗಾಲದಲ್ಲಿ ರಥಕಾರನು ಅಗ್ನ್ಯಾಧಾನ ಮಾಡಬೇಕೆಂಬ ವಿಧಿಯುಂಟು. ಅವಯವಾರ್ಥವನ್ನು ಹಿಡಿದರೆ ರಥವನ್ನು ಮಾಡುವ ಯಾವ ತ್ರೈವರ್ಣಿಕನಾದರೂ ಆಗಬಹುದು. ಸಿದ್ಧಾಂತವಾದರೋ ಆ ಪದದಿಂದ ರಥಕಾರನೆಂಬ ಪ್ರತ್ಯೇಕ ಜಾತಿಯವನೇ ಬೋಧಿತನಾಗುತ್ತಾನೆಂಬುದು. ರೂಢಿಯು ಯೋಗವನ್ನು ಅಪಹರಿಸುತ್ತದೆಂಬ ನ್ಯಾಯಕ್ಕೆ ಇದು ಆಧಾರ. ರೂಢಿಯ ಅರ್ಥವು ಕೇಳಿದೊಡನೆ ಬುದ್ಧಿಗೆ ಬರುತ್ತದೆ. ಯೋಗದ ಅರ್ಥವು ಅವಯವಗಳ ಮೂಲಕ ಹಾದು ತಡವಾಗಿ ಬರುತ್ತದೆ. ಮೊದಲು ಬಂದುದೇ ಪ್ರಬಲ ಎಂಬುದು ಇದರ ಹಿಂದಿನ ತರ್ಕ.

ಎರಡನೆಯದು ‘ನಿಷಾದಸ್ಥಪತಿ’. ಅವನಿಂದ ರುದ್ರನಿಗೆ ಇಷ್ಟಿಯೊಂದನ್ನು ಮಾಡಿಸಬೇಕೆಂದು ವಿಧಿಯಿದೆ. ನಿಷಾದರ ಸ್ಥಪತಿಯೆಂದು ಷಷ್ಠೀತತ್ಪುರುಷವಾಗಿ ಬಿಡಿಸಿದರೆ ನಿಷಾದರಿಗೆ ಒಡೆಯನಾದ ತ್ರೈವರ್ಣಿಕನೆಂದಾಗಬಹುದು. ನಿಷಾದನೂ ಆದ ಸ್ಥಪತಿಯೆಂದು ಕರ್ಮಧಾರಯವಾಗಿ ಬಿಡಿಸಿದರೆ ನಿಷಾದನೇ ಅಧಿಕಾರಿಯಾಗುತ್ತಾನೆ. ಷಷ್ಠಿಯು ಇಲ್ಲಿ ಶ್ರುತವಾಗಿಲ್ಲ. ಕೇಳಿಬಾರದ ಸಂಬಂಧವನ್ನು ತರಬೇಕಾದರೆ ಪೂರ್ವಪದಕ್ಕೆ ಲಕ್ಷಣೆಯನ್ನು ಹೇಳಬೇಕು. ಕೇಳಿದ ಅರ್ಥದಲ್ಲಿಯೇ ಪದವು ನಿಲ್ಲುವಾಗ ಲಕ್ಷಣೆ ಅನುಚಿತ. ಆದುದರಿಂದ ನಿಷಾದನೇ ಅಧಿಕಾರಿಯೆಂದು ನಿರ್ಣಯವಾಯಿತು. ಮೂರು ವರ್ಣಗಳ ಹೊರಗಿನವನೊಬ್ಬನಿಗೆ ಯಾಗದ ಅಧಿಕಾರವು ದೊರೆತುದು ಸಮಾಸದ ವಿಗ್ರಹದಿಂದ. ಕೇಳುಗನಿಗೆ ಕಡಮೆ ಶ್ರಮವನ್ನು ಕೊಡುವ ಅರ್ಥವೇ ಮೊದಲ ಅರ್ಥವೆಂಬ ತತ್ತ್ವವು ಇದರಲ್ಲಿ ಅಡಗಿದೆ.

ನೈಯಾಯಿಕರು ಸಮಾಸಕ್ಕೆ ಪ್ರತ್ಯೇಕವಾದ ಶಕ್ತಿಯನ್ನು ಒಪ್ಪುವುದಿಲ್ಲ. ಅವಯವಗಳ ಶಕ್ತಿ ಮತ್ತು ಲಕ್ಷಣೆಗಳಿಂದಲೇ ಅರ್ಥವನ್ನು ಸಾಧಿಸುತ್ತಾರೆ. 17ನೆಯ ಶತಮಾನದಲ್ಲಿ ಕೌಂಡಭಟ್ಟನು ವೈಯಾಕರಣರ ಪರವಾಗಿ ಇದನ್ನು ಖಂಡಿಸಿ ಸಮಾಸಶಕ್ತಿಯನ್ನು ಸ್ಥಾಪಿಸುತ್ತಾನೆ. ನೈಯಾಯಿಕರು ಪದಗಳನ್ನು ಯೌಗಿಕ, ರೂಢ, ಯೋಗರೂಢ, ಯೌಗಿಕರೂಢ ಎಂದು ನಾಲ್ಕಾಗಿ ವಿಂಗಡಿಸಿದುದು ನಮ್ಮ ಚರ್ಚೆಗೆ ಹೆಚ್ಚು ಉಪಯುಕ್ತ. ‘ಪಂಕಜ’ವೆಂದಾಗ ಕೆಸರಿನಲ್ಲಿ ಹುಟ್ಟಿದುದೆಂಬ ಅವಯವಾರ್ಥವೂ ತಾವರೆಯೆಂಬ ರೂಢಾರ್ಥವೂ ಒಟ್ಟಿಗೆ ತೋರುತ್ತವೆ, ಕೆಸರಿನಲ್ಲಿಯೇ ಹುಟ್ಟುವ ನೈದಿಲೆಯು ತೋರುವುದಿಲ್ಲ. ಇಡಿ ಅಥವಾ ಬಿಡಿ ಎಂಬ ಎರಡೇ ಪಕ್ಷಗಳಿಗೆ ಬದಲಾಗಿ, ಪದದಿಂದ ಪದಕ್ಕೆ ಕೇಳುಗನ ಮಾರ್ಗ ಬದಲಾಗುತ್ತದೆಂಬುದನ್ನು ಈ ವಿಂಗಡಣೆ ಒಪ್ಪಿಕೊಂಡಂತಾಯಿತು.

4

ದ್ರಾವಿಡ ವ್ಯಾಕರಣಗಳಲ್ಲಿಯೂ ಈ ಪ್ರಶ್ನೆ ತನ್ನದೇ ರೀತಿಯಲ್ಲಿ ಕಾಣಿಸಿಕೊಂಡಿದೆ. ತಮಿಳಿನ ತೊಲ್ಕಾಪ್ಪಿಯಂ ಸಮಾಸವನ್ನು ‘ತೊಗೈ’ ಎಂದು ಕರೆದು ಆರು ಬಗೆಗಳನ್ನು ಹೇಳುತ್ತದೆ. ಎಲ್ಲ ತೊಗೈಗಳೂ ಒಂದೇ ಪದದಂತೆ ನಡೆಯುತ್ತವೆಂದು ಎಚ್ಚವಿಯಲಿನಲ್ಲಿ ವಿಧಿಸುತ್ತದೆ. ಇದು ಏಕಾರ್ಥೀಭಾವಕ್ಕೆ ಸಮೀಪವಾದ ನಿಲವು. 13ನೆಯ ಶತಮಾನದ ಜೈನ ವೈಯಾಕರಣ ಪವಣಂದಿಯು ನನ್ನೂಲಿನಲ್ಲಿ, ತೊಗೈಯೊಂದು ಎರಡರಿಂದ ಏಳರವರೆಗೆ ಅರ್ಥಗಳಿಗೆ ಎಡೆಗೊಡಬಹುದೆಂದು ಹೇಳಿ ಕೇಳುಗನ ಸಂದೇಹವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ.

ಎರಡು ಭಾಷೆಗಳಿಗೂ ಸಾಮಾನ್ಯವಾದ ‘ಸುಡುಗಾಡು’ ಎಂಬ ಪದವನ್ನು ನೋಡಬಹುದು. ತಮಿಳಿನಲ್ಲಿ ಇದು ವಿನೈತ್ತೊಗೈ: ಸುಟ್ಟ, ಸುಡುವ ಎಂಬ ಕಾಲಭೇದಗಳೆಲ್ಲ ಧಾತುವಿನಲ್ಲಿ ಅಡಗಿವೆ. ಕನ್ನಡದಲ್ಲಿ ಇದನ್ನು ಗಮಕಸಮಾಸಕ್ಕೆ ಸೇರಿಸುತ್ತಾರೆ. ಹೆಸರು ಯಾವುದಾದರೂ ಇರಲಿ, ಕೇಳುಗನು ಕಾಲವನ್ನು ಕೇಳುವುದಿಲ್ಲ, ಕಾಡನ್ನೂ ನೆನೆಯುವುದಿಲ್ಲ. ನೇರವಾಗಿ ಸ್ಮಶಾನವನ್ನು ಕಾಣುತ್ತಾನೆ.

‘ಅಂಗೈ’ ಎಂಬ ಪದವು ಇನ್ನೂ ಬೋಧಪ್ರದವಾದುದು. ನಮ್ಮ ಶಾಲಾ ವ್ಯಾಕರಣಗಳು ‘ಕೈಯ ಅಡಿ’ ಎಂದು ವಿಗ್ರಹಿಸಿ ಇದನ್ನು ಅಂಶಿಸಮಾಸಕ್ಕೆ ಸೇರಿಸುತ್ತವೆ. ತೊಲ್ಕಾಪ್ಪಿಯಂ ‘ಒಳಗು’ ಎಂಬರ್ಥದ ‘ಅಗಂ’ ಎಂಬುದರ ಮುಂದೆ ‘ಕೈ’ ಬಂದಾಗ ‘ಅಂಗೈ’ ಎಂದಾಗುವ ನಿಯಮವನ್ನು ಹೇಳುತ್ತದೆ. ಒಬ್ಬರಿಗೆ ಅದು ಕೈಯ ಕೆಳಭಾಗ, ಇನ್ನೊಬ್ಬರಿಗೆ ಒಳಭಾಗ. ಆದರೂ ಬೆಂಗಳೂರಿನಲ್ಲಾಗಲಿ ಚೆನ್ನೈಯಲ್ಲಾಗಲಿ ಆ ಪದವನ್ನು ಕೇಳಿದವನು ತನ್ನ ಕೈಯ ಅದೇ ಭಾಗವನ್ನು ತೋರಿಸುತ್ತಾನೆ. ವಿಗ್ರಹವಾಕ್ಯದಲ್ಲಿ ಭಿನ್ನಾಭಿಪ್ರಾಯವಿದ್ದು ಅರ್ಥದಲ್ಲಿ ಇಲ್ಲವಾದರೆ, ಅರ್ಥವು ವಿಗ್ರಹದಿಂದ ಹುಟ್ಟಿದುದಲ್ಲವೆಂದೇ ಹೇಳಬೇಕಾಗುತ್ತದೆ. ‘ಕಂಬನಿ’ಯದೂ ಇದೇ ಕಥೆ. ‘ಕಣ್’ ಮತ್ತು ‘ಪನಿ’ ಕೂಡಿ ಆದ ಪದ ಅದು. ಪಕಾರವು ಹಕಾರವಾಗಿ ‘ಪನಿ’ಯು ‘ಹನಿ’ಯಾದ ಮೇಲೆ, ‘ಬನಿ’ಯಲ್ಲಿ ಹನಿಯನ್ನು ಕೇಳುವ ಕಿವಿ ಇಲ್ಲವಾಯಿತು. ಯೋಗವು ಅಳಿಯಿತು, ಪದವು ಉಳಿಯಿತು.

5

ಇನ್ನು ಕನ್ನಡದ ಲಾಕ್ಷಣಿಕರ ವಿಚಾರ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಸುಮಾರು 850ರಲ್ಲಿ ರಚಿತವಾದ ಕವಿರಾಜಮಾರ್ಗವು ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಸಮಾಸದಲ್ಲಿ ವಿವೇಚನೆಯಿಲ್ಲದೆ ಬೆರಸುವುದನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿಗಳನ್ನು ಬೆರಸಿದುದಕ್ಕೆ ಹೋಲಿಸುತ್ತದೆ. ಹಾಲು ಒಡೆಯುತ್ತದೆ, ಅಂದರೆ ಒಂದಾಗಬೇಕಾದುದು ಒಂದಾಗದೆ ಬೇರೆಯಾಗುತ್ತದೆ. ಅಲ್ಲಿ ದೋಷವೆನಿಸುವುದು ವಿರಸ. ವಿರಸವು ಸವಿಯುವವನಿಗೆ ಅನುಭವಕ್ಕೆ ಬರುವ ದೋಷ. ಕಾವ್ಯವು ಬಹುಮಟ್ಟಿಗೆ ಕೇಳಿಸಿಕೊಳ್ಳುವ ವಸ್ತುವಾಗಿದ್ದ ಕಾಲದಲ್ಲಿ ಸವಿಯುವವನೆಂದರೆ ಕೇಳುಗನೇ.

ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ಈ ದೋಷವನ್ನು ಅರಿಸಮಾಸವೆಂದು ಶಾಸ್ತ್ರೀಕರಿಸಿ, ಕೆಲವು ವಿನಾಯಿತಿಗಳನ್ನು ಕೊಡುತ್ತಾನೆ. ಬಿರುದಾವಳಿಗಳಲ್ಲಿಯೂ ಪೂರ್ವಕವಿಗಳ ಪ್ರಯೋಗಗಳಲ್ಲಿಯೂ ಅದು ದೋಷವಲ್ಲ. ಗಮಕ, ಕ್ರಿಯಾಸಮಾಸಗಳಿಗೂ ಆ ದೋಷವಿಲ್ಲ. ಈ ವಿನಾಯಿತಿಗಳನ್ನು ಸಂಪ್ರದಾಯದ ಮೇಲಣ ಗೌರವವೆಂದು ವಿವರಿಸಬಹುದು. ಅವುಗಳಲ್ಲಿ ಮೊದಲಿನ ಎರಡನ್ನಾದರೂ ಬೇರೊಂದು ರೀತಿಯಲ್ಲಿ ನೋಡಲು ಸಾಧ್ಯವೆಂದು ನಮ್ಮ ಅಭಿಪ್ರಾಯ. ಬಿರುದು ಸಭೆಯಲ್ಲಿ ಮತ್ತೆ ಮತ್ತೆ ಘೋಷಿತವಾಗಿ ಹೆಸರಿನಂತೆ ಇಡಿಯಾಗಿ ಕೇಳಿಸುವ ಪದ. ಪೂರ್ವಕವಿಪ್ರಯೋಗವು ಕೇಳಿ ಕೇಳಿ ನೆಲೆನಿಂತ ಪದ. ಎರಡರಲ್ಲಿಯೂ ರೂಢಿಯು ಯೋಗವನ್ನು ಅಪಹರಿಸಿದೆ. ಎರಡು ಭಾಷೆಗಳ ಬೆಸುಗೆಯು ಕಿವಿಗೆ ತಟ್ಟುವುದು ಕೇಳುಗನು ಪದವನ್ನು ಬಿಡಿಸಿ ಕೇಳಿದಾಗ ಮಾತ್ರ. ಮೀಮಾಂಸಕರ ರಥಕಾರನ್ಯಾಯವೇ ಇಲ್ಲಿ ಕನ್ನಡದ ಉಡುಗೆಯಲ್ಲಿ ಕಾಣುತ್ತದೆ.

‘ಮಳೆಗಾಲ’, ‘ಚಳಿಗಾಲ’ಗಳನ್ನು ಗಮನಿಸಬೇಕು. ಉತ್ತರಪದವು ಸಂಸ್ಕೃತದ ‘ಕಾಲ’. ಸಮಸಂಸ್ಕೃತವೆಂದು ಹೇಳಿ ವ್ಯಾಕರಣವು ಇದಕ್ಕೆ ಪರಿಹಾರ ಕಾಣಬಹುದು. ಅದಕ್ಕಿಂತ ಮುಖ್ಯವಾದುದು, ಆ ಪದದ ಕಕಾರವೂ ಅಚ್ಚಗನ್ನಡ ಪದದಂತೆ ಗಕಾರವಾಗಿರುವುದು. ಕನ್ನಡದ ಕಿವಿಯು ಅದನ್ನು ತನ್ನದೆಂದು ಒಪ್ಪಿಕೊಂಡುದಕ್ಕೆ ಈ ಗಕಾರವೇ ಮುದ್ರೆ.

ಇಲ್ಲಿಗೆ ನಾವು ಆರಂಭದ ಪ್ರಶ್ನೆಗೆ ಮರಳಿದಂತಾಯಿತು. ಉತ್ತರಪದದ ಆದಿಯ ಕ, ತ, ಪಗಳಿಗೆ ಗ, ದ, ಬಗಳು ಆದೇಶವಾಗಿ ಬರುವುದನ್ನು ನಾವು ಸಂಧಿಪ್ರಕರಣದಲ್ಲಿ ವರ್ಣವಿಕಾರವಾಗಿ ಕಲಿಸುತ್ತೇವೆ. ಕೇಳುಗನ ಕಡೆಯಿಂದ ನೋಡಿದರೆ ಅದು ಅರ್ಥಸೂಚಕ. ‘ಹಳೆಯ ಕನ್ನಡ’ವೆಂದರೆ ಅಜ್ಜಿಯ ಕಾಲದ ಮಾತೂ ಆಗಬಹುದು, ‘ಹಳಗನ್ನಡ’ವೆಂದರೆ ಭಾಷೆಯ ಒಂದು ನಿಶ್ಚಿತ ಅವಸ್ಥೆ. ‘ಕ’ ಕೇಳಿದರೆ ಅಲ್ಲಿ ಹೊಸ ಪದ ಆರಂಭವಾಗಿರಬಹುದು. ‘ಗ’ ಕೇಳಿದಾಗ ಹಿಂದಿನ ಪದ ಇನ್ನೂ ಮುಗಿದಿಲ್ಲವೆಂದು ಪಳಗಿದ ಕಿವಿಗೆ ತಿಳಿಯುತ್ತದೆ.

ಇನ್ನೂ ಒಂದು ಸೂಕ್ಷ್ಮವಿದೆ. ಹೊಸಗನ್ನಡದ ಬಳಕೆಯಲ್ಲಿ ದ್ವಂದ್ವಸಮಾಸಗಳು ಸಾಮಾನ್ಯವಾಗಿ ಈ ಆದೇಶವನ್ನು ಪಡೆಯುವುದಿಲ್ಲ. ಕೈಕಾಲು, ಕೆರೆಕಟ್ಟೆ, ತಂದೆತಾಯಿ, ಹಾಲುತುಪ್ಪ ಎನ್ನುತ್ತೇವೆ. ಆದರೆ ಮುಂಗಾಲು, ಮನೆಗೆಲಸ, ಬೆಟ್ಟದಾವರೆ ಎನ್ನುತ್ತೇವೆ. ಆದೇಶವಿಲ್ಲದ ತತ್ಪುರುಷಗಳೂ ಉಂಟು. ಆದುದರಿಂದ ಆದೇಶದ ಅಭಾವದಿಂದ ಏನೂ ನಿಶ್ಚಯವಾಗದು. ಆದೇಶವು ಕೇಳಿಸಿತೆಂದರೆ ಮಾತ್ರ, ಎರಡು ಪದಗಳು ಸಮಾನವಾಗಿ ನಿಂತಿಲ್ಲ, ಒಂದು ಇನ್ನೊಂದಕ್ಕೆ ಅಧೀನವಾಗಿದೆಯೆಂದು ಬಹುಮಟ್ಟಿಗೆ ತಿಳಿಯಬಹುದು. ದೂರದ ಜಪಾನೀ ಭಾಷೆಯಲ್ಲಿಯೂ ಇಂತಹುದೇ ವ್ಯವಸ್ಥೆಯಿದೆ: ‘ಯಮಕವ’ ಎಂದರೆ ಬೆಟ್ಟವೂ ಹೊಳೆಯೂ, ‘ಯಮಗವ’ ಎಂದರೆ ಬೆಟ್ಟದ ಹೊಳೆ. ‘ಇಂದ್ರಶತ್ರು’ವಿನಲ್ಲಿ ಸ್ವರವು ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ಕನ್ನಡದಲ್ಲಿ ಆದೇಶವು ಮಾಡುತ್ತದೆಂದರೆ ತಪ್ಪಾಗಲಾರದು.

6

20ನೆಯ ಶತಮಾನದ ಉತ್ತರಾರ್ಧದಲ್ಲಿ ಇದೇ ಪ್ರಶ್ನೆಯು ಪ್ರಯೋಗಾಲಯವನ್ನು ಪ್ರವೇಶಿಸಿತು. 1975ರಲ್ಲಿ ಟಾಫ್ಟ್ ಮತ್ತು ಫಾರ್‌ಸ್ಟರ್ ಎಂಬ ವಿದ್ವಾಂಸರು, ಇಂಗ್ಲಿಷಿನ ಓದುಗರು ಪದದ ಪೂರ್ವಪ್ರತ್ಯಯವನ್ನು ಕಳಚಿ ಮೂಲವನ್ನು ಹುಡುಕುತ್ತಾರೆಂದು ಪ್ರತಿಪಾದಿಸಿದರು. 1983ರಲ್ಲಿ ಬಟರ್‌ವರ್ತ್ ಅವರು ಇದಕ್ಕೆ ವಿರುದ್ಧವಾಗಿ, ಪದಗಳು ಮನಸ್ಸಿನಲ್ಲಿ ಇಡಿಯಾಗಿಯೇ ಸಂಗ್ರಹವಾಗಿರುತ್ತವೆಂಬ ಪಕ್ಷವನ್ನು ಮಂಡಿಸಿದರು. ವ್ಯಪೇಕ್ಷೆ ಮತ್ತು ಏಕಾರ್ಥೀಭಾವಗಳ ಹಳೆಯ ವಾದವೇ ಹೊಸ ಉಪಕರಣಗಳೊಡನೆ ಮರುಕಳಿಸಿತೆನ್ನಬಹುದು.

ಕೇಳುಗನನ್ನು ಕುರಿತು ಮುಖ್ಯವಾದ ಪ್ರಯೋಗಗಳು 1994ರಲ್ಲಿ ಮಾರ್ಸ್ಲೆನ್-ವಿಲ್ಸನ್ ಮತ್ತು ಸಂಗಡಿಗರಿಂದ ಪ್ರಕಟವಾದುವು. ಒಂದು ಪದವನ್ನು ಕೇಳಿಸಿ, ಕೂಡಲೇ ಇನ್ನೊಂದನ್ನು ತೆರೆಯ ಮೇಲೆ ತೋರಿಸಿ, ಅದನ್ನು ಪದವೆಂದು ಗುರುತಿಸಲು ಹಿಡಿಯುವ ಕಾಲವನ್ನು ಅವರು ಅಳೆದರು. ‘ಹ್ಯಾಪಿನೆಸ್’ ಕೇಳಿದವರಿಗೆ ‘ಹ್ಯಾಪಿ’ ಬೇಗನೆ ಗುರುತಾಗುವಂತಹ ಪರಿಣಾಮವು, ‘ಡಿಪಾರ್ಟ್‌ಮೆಂಟ್’ ಕೇಳಿದವರಿಗೆ ‘ಡಿಪಾರ್ಟ್’ ವಿಷಯದಲ್ಲಿ ಕಂಡುಬರಲಿಲ್ಲ. ಅಂದರೆ ಅವಯವದ ಅರ್ಥವು ಇಡಿಯ ಅರ್ಥದಲ್ಲಿ ಪಾರದರ್ಶಕವಾಗಿದ್ದಾಗ ಮಾತ್ರ ಅವಯವವು ಎಚ್ಚರಗೊಳ್ಳುತ್ತದೆ. ಯೌಗಿಕ ಮತ್ತು ರೂಢ ಪದಗಳ ಭೇದಕ್ಕೆ ಇದು ಬಹಳ ಹತ್ತಿರ. 2003ರಲ್ಲಿ ಇಸೆಲ್, ಗುಂಟರ್ ಮತ್ತು ಫ್ರೀಡೆರಿಚಿ ಅವರು ಜರ್ಮನ್ ಸಮಾಸಗಳನ್ನು ಕೇಳಿಸಿ ನಡೆಸಿದ ಅಧ್ಯಯನವು, ಪೂರ್ವಪದದ ಉಚ್ಚಾರಣೆಯ ಲಯವೇ ಮುಂದೆ ಇನ್ನೊಂದು ಪದವಿದೆಯೆಂಬ ಮುನ್ಸೂಚನೆಯನ್ನು ಕೇಳುಗನಿಗೆ ಕೊಡುತ್ತದೆಂಬ ಕಡೆಗೆ ಬೆರಳು ತೋರಿಸಿತು.

ನಮ್ಮ ಪೂರ್ವಿಕರು ಇದೆಲ್ಲವನ್ನೂ ಮೊದಲೇ ಕಂಡಿದ್ದರೆಂದು ಹೇಳುವುದು ನಮ್ಮ ಇಂಗಿತವಲ್ಲ. ಶಾಬ್ದಬೋಧದ ಚರ್ಚೆಯು ಕೇಳುಗನಿಗೆ ಆಗಬೇಕಾದ ಅರ್ಥನಿರ್ಣಯವನ್ನು ಕುರಿತದ್ದು; ಪ್ರಯೋಗಾಲಯವು ಕ್ಷಣದ ಸಾವಿರದ ಪಾಲಿನಲ್ಲಿ ಆಗಿಹೋಗುವುದನ್ನು ಅಳೆಯುತ್ತದೆ. ಉದ್ದೇಶ ಬೇರೆ, ವಿಧಾನ ಬೇರೆ. ಆದರೆ ಪ್ರಶ್ನೆಯನ್ನು ಸರಿಯಾಗಿ ಕೇಳುವುದಕ್ಕೆ ಬೇಕಾದ ಪರಿಭಾಷೆಯು ನಮ್ಮಲ್ಲಿ ಸಿದ್ಧವಾಗಿದೆಯೆಂಬುದನ್ನು ಮರೆಯಬಾರದು.

7

ಈ ವಿವೇಚನೆಯಿಂದ ಎರಡು ಫಲಿತಾಂಶಗಳು ದೊರೆಯುತ್ತವೆ. ಮೊದಲನೆಯದು ಪದಸೃಷ್ಟಿಗೆ ಸಂಬಂಧಿಸಿದುದು. ‘ಮರುಮುದ್ರಣ’, ‘ಹೊರಾಂಗಣ’, ‘ಕೈಗಾರಿಕೀಕರಣ’ ಇವು ಕೇಶಿರಾಜನ ನಿಯಮಕ್ಕೆ ಹೊಂದದಿದ್ದರೂ ಇಂದು ಯಾರ ಕಿವಿಗೂ ಕಟುವಾಗಿಲ್ಲ. ಬಳಕೆಯು ಅವನ್ನು ರೂಢವಾಗಿಸಿದೆ. ಇದಕ್ಕೆ ವಿರುದ್ಧವಾಗಿ, ವ್ಯಾಕರಣಶುದ್ಧವಾಗಿ ಸೃಷ್ಟಿಯಾದ ಪಾರಿಭಾಷಿಕ ಪದವೊಂದು ಯಾರ ಬಾಯಲ್ಲೂ ಆಡದೆ ಕಡತದಲ್ಲಿಯೇ ಉಳಿದರೆ, ಕೇಳಿದವನು ಪ್ರತಿಸಲವೂ ಅದನ್ನು ಬಿಡಿಸಿಯೇ ತಿಳಿಯಬೇಕಾಗುತ್ತದೆ. ಪದದ ಯೋಗ್ಯತೆಯನ್ನು ಅದರ ವಿಗ್ರಹವಾಕ್ಯದಿಂದ ಮಾತ್ರ ಅಳೆಯಲಾಗದು.

ಎರಡನೆಯದು ಹೊರನಾಡಿನ ಕನ್ನಡಕ್ಕೆ ಸಂಬಂಧಿಸಿದುದು. ಮರಾಠಿ, ಹಿಂದಿಗಳ ನಡುವೆ ಬೆಳೆದ ಮಗುವಿಗೆ ‘ಕ’, ‘ಗ’ಗಳು ಪೂರ್ಣವಾಗಿ ಬೇರೆ ವರ್ಣಗಳು; ಸಮಾಸದಲ್ಲಿ ಒಂದು ಇನ್ನೊಂದಾಗುವುದು ಅದರ ಸುತ್ತಲಿನ ಭಾಷೆಗಳಲ್ಲಿ ಜೀವಂತ ನಿಯಮವಲ್ಲ. ತಮಿಳಿನ ನಡುವೆ ಬೆಳೆದ ಮಗುವಿಗೆ ಅವು ಒಂದೇ ವರ್ಣದ ಎರಡು ಉಚ್ಚಾರಗಳು. ಕನ್ನಡದ ‘ಗ’ವು ಮಾಡುವ ಸೂಚನೆಯನ್ನು ಮೊದಲ ಮಗುವು ಹೊಸ ಪದವೆಂದು ತಪ್ಪಾಗಿ ಕೇಳಬಹುದು, ಎರಡನೆಯ ಮಗುವು ಗಮನಿಸದೆಯೇ ಹೋಗಬಹುದು. ಇದು ನಮ್ಮ ಊಹೆ; ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳ ಕನ್ನಡ ವಿಭಾಗಗಳು ಮನಸ್ಸು ಮಾಡಿದರೆ ಇದನ್ನು ಪರೀಕ್ಷಿಸಬಹುದು. ಅದಕ್ಕೆ ದೊಡ್ಡ ಯಂತ್ರಗಳೇನೂ ಬೇಕಿಲ್ಲ. ‘ಹೊಸಗನ್ನಡ’, ‘ಮುಂಗಾಲು’, ‘ಬೆಟ್ಟದಾವರೆ’ಗಳಂತಹ ನೂರು ಪದಗಳ ಧ್ವನಿಮುದ್ರಿಕೆ, ಒಳನಾಡಿನ ಮತ್ತು ಹೊರನಾಡಿನ ಸಮವಯಸ್ಕ ಕೇಳುಗರ ಎರಡು ಗುಂಪುಗಳು, ತಾಳ್ಮೆ, ಇಷ್ಟಿದ್ದರೆ ಕೆಲಸವನ್ನು ಆರಂಭಿಸಬಹುದು.

ಭಾಷೆಯೊಂದು ಮನೆಯ ಮಾತಾಗಿ ಮಾತ್ರ ಉಳಿದಾಗ ಮೊದಲು ಕ್ಷೀಣಿಸುವುದು ಪದಸಂಪತ್ತು ಎಂದು ನಾವು ಭಾವಿಸುತ್ತೇವೆ. ಪದಗಳ ಬೆಸುಗೆಯನ್ನು ಕೇಳುವ ಶಕ್ತಿಯೂ ಅದರೊಡನೆ ಕ್ಷೀಣಿಸಬಹುದು. ಭರ್ತೃಹರಿಯು ಹೇಳಿದಂತೆ ವಿಭಾಗವು ಕಲಿಯುವವರ ಉಪಾಯ. ‘ಗನ್ನಡ ಎಂದರೇನು’ ಎಂದು ಕೇಳಿದ ವಿದ್ಯಾರ್ಥಿನಿಯು ಆ ಉಪಾಯವನ್ನು ತಾನಾಗಿಯೇ ಹಿಡಿದಿದ್ದಳು. ಆಕೆಗೆ ಸೂತ್ರವನ್ನು ಹೇಳುವುದರ ಜೊತೆಗೆ, ಅಂತಹ ಹತ್ತಾರು ಪದಗಳನ್ನು ಓದಿ ಕೇಳಿಸಬೇಕಾಗಿತ್ತು. ಅಂದು ನಾವು ಅದನ್ನು ಮಾಡಲಿಲ್ಲ. ಈಗ ಪ್ರತಿವರ್ಷದ ಮೊದಲ ಪಾಠವನ್ನು ಆ ಪ್ರಶ್ನೆಯಿಂದಲೇ ಆರಂಭಿಸುತ್ತಿದ್ದೇವೆ.